ದುಡ್ಡು ನಮ್ಮದು, ಕೀಲಿಕೈ ಅವರದು

ಮಗನ ಹತ್ತನೇ ತರಗತಿ ಪರೀಕ್ಷೆ ಮುಗಿದ ಮರುದಿನವೇ ತೀರ್ಥಹಳ್ಳಿ ಕಡೆಯ ನನ್ನ ತವರಿಗೆ ಹೊರಟಿದ್ದೆವು. ಬ್ಯಾಗಿನಲ್ಲಿ ಬಟ್ಟೆಗಿಂತ ಮೊದಲು ಲ್ಯಾಪ್‌ಟಾಪ್ ಕೂತಿತ್ತು. ಹುಟ್ಟುಹಬ್ಬಕ್ಕೆ, ಹಬ್ಬಕ್ಕೆ ಅವರಿವರು ಕೊಟ್ಟಿದ್ದನ್ನೆಲ್ಲ ಕೂಡಿಟ್ಟು, ಸುಮಾರು 2,500 ರೂಪಾಯಿ ತೆತ್ತು ಕೊಂಡ ಗೇಮ್ ಅದರಲ್ಲಿತ್ತು. ಪರೀಕ್ಷೆ ಮುಗಿಯುವ ತನಕ ಮುಟ್ಟಬಾರದು ಅಂತ ನಾನೇ ಕಟ್ಟುಪಾಡು ಹಾಕಿದ್ದೆ. ಪಾಪ, ಅವನು ಮುಟ್ಟಿರಲಿಲ್ಲ. ಡೌನ್‌ಲೋಡ್ ಮಾಡಿ, ಹತ್ತು ನಿಮಿಷ ಓಡಿಸಿ ನೋಡಿ, ಮುಚ್ಚಿಟ್ಟಿದ್ದ ಅಷ್ಟೆ.

ಊರಿಗೆ ಹೋದ ದಿನ ಸಂಜೆ ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಒಂದು ನಿಮಿಷ, ಎರಡು ನಿಮಿಷ. ಮುಖ ಸಪ್ಪಗಾಯಿತು.

'ಏನಾಯ್ತೋ ಪುಟ್ಟ?'

'ಲಾಗಿನ್ ಕೇಳ್ತಿದೆ ಅಮ್ಮ. ಇಂಟರ್ನೆಟ್ ಬೇಕಂತೆ.'

'ಒಬ್ಬನೇ ಆಡೋ ಆಟ ಅಲ್ವಾ? ಇಂಟರ್ನೆಟ್ ಯಾಕೆ?'

'ಅದನ್ನೇ ನಾನೂ ಕೇಳ್ತಿರೋದು!'

ನಮ್ಮ ತವರಿನಲ್ಲಿ ಇಂಟರ್ನೆಟ್ ಅಂದರೆ ಅಂಗಳದ ತುದಿಯ ಪೇರಲೆ ಮರ. ಅದರ ಬುಡದಲ್ಲಿ ನಿಂತು ಮೊಬೈಲನ್ನು ಎತ್ತಿ ಹಿಡಿದರೆ ಒಂದೆರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಅಮ್ಮನ ಮನೆಗೆ ಬರುವ ನೆಂಟರೆಲ್ಲ ಸರದಿಯ ಮೇಲೆ ಆ ಮರದಡಿ ನಿಲ್ಲುವುದು ಮಾಮೂಲು. ಮಗನೂ ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೇ ಹೋದ. ಗೇಮ್ ಕೊಂಡಿದ್ದು ಒಂದು ಅಂಗಡಿಯ ಆ್ಯಪ್‌ನಲ್ಲಿ. ಅದೇನೋ ಸರಿಯಾಗಿ ತೆರೆಯಿತು. ಆದರೆ 'ಪ್ಲೇ' ಒತ್ತಿದ ತಕ್ಷಣ ಗೇಮ್ ಮಾಡಿದ ಕಂಪನಿಯ ಇನ್ನೊಂದು ಆ್ಯಪ್ ಎದ್ದು ನಿಂತು, ಅದರದೇ ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಕೇಳಿತು. ಆ ಖಾತೆ ಮಾಡಿದ್ದು ನಮ್ಮ ಯಜಮಾನರ ಇಮೇಲ್‌ನಲ್ಲಿ. ಒಟಿಪಿ ಅವರಿಗೆ ಹೋಯಿತು. ಅವರು ದಾವಣಗೆರೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿ! ಅವರು ನೋಡಿ ಹೇಳುವಷ್ಟರಲ್ಲಿ ಅವಧಿ ಮುಗಿದಿತ್ತು. ಎರಡನೇ ಸಲ ಒಟಿಪಿ ತರಿಸಿ ಒಳಗೆ ಹೊಕ್ಕರೆ, 'ಮೊದಲು ಅಪ್‌ಡೇಟ್ ಆಗಬೇಕು' ಅಂತ ಹೊಸ ಫಲಕ. ಪೇರಲೆ ಮರದ ಸಿಗ್ನಲ್‌ನಲ್ಲಿ ಅದು ಶೇ 4ಕ್ಕೆ ಬರುವಷ್ಟರಲ್ಲಿ ಬ್ಯಾಟರಿ ಸತ್ತಿತು. ಅಷ್ಟೊತ್ತಿಗೆ ಮಳೆ ಹನಿಯತೊಡಗಿತು, ಮನೆಯಲ್ಲಿ ಕರೆಂಟೂ ಹೋಯಿತು.

ಇದನ್ನೆಲ್ಲ ಜಗಲಿಯಿಂದ ನೋಡುತ್ತಿದ್ದ ನನ್ನಮ್ಮ ಕೇಳಿದಳು: 'ಎಂಥದಾ ಮಾರಾಯ, ದುಡ್ಡು ಕೊಟ್ಟು ತಂದಿದ್ದು ಅಂತೀಯ. ಕೀಲಿಕೈ ಅಂಗಡಿಯವನ ಹತ್ರನೇ ಬಿಟ್ಟು ಬಂದಿದೀಯಾ?'

ನಕ್ಕುಬಿಟ್ಟೆವು. ಆದರೆ ಕಂಪ್ಯೂಟರ್ ಗೇಮ್ ಆಡುವವರು ಎಷ್ಟೋ ವರ್ಷದಿಂದ ಹೇಳುತ್ತಿರುವ ಸಂಕಟವನ್ನು ನನ್ನಮ್ಮ ಒಂದೇ ಮಾತಿನಲ್ಲಿ ಹೇಳಿದ್ದಳು.

ನಗು ನಿಂತಿದ್ದು ಮರುದಿನ. ಅಣ್ಣನ ಮಗ ತನ್ನ ಹಳೇ ಕಂಪ್ಯೂಟರ್‌ನಲ್ಲಿ ಅದೇ ಗೇಮನ್ನು ಆಡುತ್ತಿದ್ದ. ಲಾಗಿನ್ ಇಲ್ಲ, ಒಟಿಪಿ ಇಲ್ಲ, ಇಂಟರ್ನೆಟ್ ಇಲ್ಲ. ಯಾರಿಂದಲೋ ಪೆನ್‌ಡ್ರೈವ್‌ನಲ್ಲಿ ತಂದ 'ಕ್ರ್ಯಾಕ್' ಪ್ರತಿ. ನನ್ನ ಮಗ ಅವನ ಪಕ್ಕ ಕೂತು ನೋಡುತ್ತಿದ್ದ. ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದ: 'ಅಮ್ಮ, ದುಡ್ಡು ಕೊಟ್ಟೋರನ್ನೇ ಕಳ್ಳರ ಥರ ಯಾಕೆ ನೋಡ್ತಾರೆ?'

ಆ ಪ್ರಶ್ನೆ ನನಗೆ ಚುಚ್ಚಿತು. ಯಾಕೆಂದರೆ ಇವನು ಏಳನೇ ಕ್ಲಾಸಿನಲ್ಲಿದ್ದಾಗ ಹೀಗೇ ತಂದಿದ್ದ ಕದ್ದ ಗೇಮನ್ನು ನಾನೇ ಅಳಿಸಿ ಹಾಕಿಸಿದ್ದೆ. 'ಬೇರೆಯವರ ದುಡಿಮೆ ಕದಿಯಬಾರದು, ಕೂಡಿಟ್ಟು ಕೊಂಡುಕೋ' ಅಂದಿದ್ದೆ. ಅವನು ನನ್ನ ಮಾತು ನಡೆಸಿದ್ದ. ಅದಕ್ಕೆ ಸಿಕ್ಕ ಫಲ ಇದು. ನಾನು ಕಾಲೇಜೊಂದರ ಗ್ರಂಥಪಾಲಕಿ. ಪುಸ್ತಕ ಯಾರದು, ಓದುವ ಹಕ್ಕು ಯಾರದು ಅನ್ನುವುದು ನನ್ನ ದಿನನಿತ್ಯದ ಕೆಲಸ. ಆದರೂ ಉತ್ತರ ಹೊಳೆಯಲಿಲ್ಲ. ಊರಿಂದ ಬಂದ ಮೇಲೆ ಈ ವಿಷಯವನ್ನು ಕೂತು ಓದಿದೆ. ತಿಳಿದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬುಡ್ಡಿಯ ಕಾಲದಿಂದ ಬಂದ ಬೀಗ

ಈ ಬೀಗಕ್ಕೆ 'ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್', ಚಿಕ್ಕದಾಗಿ 'ಡಿಆರ್‌ಎಂ' ಅನ್ನುತ್ತಾರೆ. ಕೊಂಡವರು ಮಾತ್ರ ಬಳಸಬೇಕು, ನಕಲು ಮಾಡಿ ಹಂಚಬಾರದು ಅನ್ನುವುದು ಅದರ ಉದ್ದೇಶ. ಹೆಸರು ಹೊಸದು, ಸಂಗತಿ ಹಳೆಯದು. ನನ್ನ ವಯಸ್ಸಿನವರಿಗೆ 'ಪ್ರಿನ್ಸ್ ಆಫ್ ಪರ್ಷಿಯಾ' ನೆನಪಿರಬಹುದು. ಜೋರ್ಡನ್ ಮೆಕ್ನರ್ 1989ರಲ್ಲಿ ಮಾಡಿದ ಆಟ. ಮೊದಲ ಹಂತ ದಾಟಿದರೆ ಒಂದು ಕೋಣೆ. ಅಲ್ಲಿ ಒಂದೊಂದು ಅಕ್ಷರದ ಕೆಳಗೆ ಒಂದೊಂದು ಬುಡ್ಡಿ. ಆಟದ ಜೊತೆ ಬಂದ ಪುಸ್ತಿಕೆಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಬುಡ್ಡಿಯನ್ನೇ ಕುಡಿಯಬೇಕು. ಅಣ್ಣ ಕಾಲೇಜಿನಿಂದ ಫ್ಲಾಪಿಯಲ್ಲಿ ತಂದಿದ್ದ ಪ್ರತಿಗೆ ಪುಸ್ತಿಕೆ ಇರಲಿಲ್ಲ. ಊಹೆಯ ಮೇಲೆ ಕುಡಿದು ಎಷ್ಟು ಸಲ ಸತ್ತೆವೋ! ಅದು ಬರೀ ಆಟದ ಭಾಗ ಅಂದುಕೊಂಡಿದ್ದೆ. ನಕಲು ಹಿಡಿಯುವ ಬಲೆ ಅದು, ಬಲೆಗೆ ಬಿದ್ದವರು ನಾವೇ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಮಗನಿಗೆ ಬುದ್ಧಿ ಹೇಳುವಾಗ ಇದನ್ನು ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಆಮೇಲೆ ಸಿ.ಡಿ.ಗಳು ಬಂದವು. ಸಿ.ಡಿ. ಡ್ರೈವ್‌ನಲ್ಲಿದ್ದರೆ ಮಾತ್ರ ಆಟ ಓಡಬೇಕು ಅಂತ 'ಸೇಫ್‌ಡಿಸ್ಕ್', 'ಸೆಕ್ಯುರಾಮ್' ಥರದ ಬೀಗಗಳು ಬಂದವು. ಅವು ವಿಂಡೋಸ್‌ನ ಆಳಕ್ಕೆ ಇಳಿದು ಕೆಲಸ ಮಾಡುತ್ತಿದ್ದವು. ಭದ್ರತೆಗೆ ಅಪಾಯ ಅಂತ 2015ರಲ್ಲಿ ಬಂದ ವಿಂಡೋಸ್ 10 ಇವಕ್ಕೆ ಬೆಂಬಲ ಕೊಡಲಿಲ್ಲ. ಹೀಗಾಗಿ ದುಡ್ಡು ಕೊಟ್ಟು ಕೊಂಡ ಎಷ್ಟೋ ಹಳೇ ಆಟಗಳ ಅಸಲಿ ಸಿ.ಡಿ.ಗಳು ಹೊಸ ಕಂಪ್ಯೂಟರ್‌ನಲ್ಲಿ ಕೆಲಸಕ್ಕೆ ಬಾರದಾದವು. ತವರಿನ ಅಟ್ಟದ ಬಿಸ್ಕತ್ ಡಬ್ಬಿಯಲ್ಲಿ ಅಣ್ಣ ಸಂಬಳದ ದುಡ್ಡಿನಲ್ಲಿ ಕೊಂಡ ಅಂಥ ಸಿ.ಡಿ.ಗಳು ಇನ್ನೂ ಇವೆ. ಗೆರೆ ಬಿದ್ದಿಲ್ಲ, ಮುರಿದಿಲ್ಲ. ಬೀಗ ಮಾತ್ರ ತುಕ್ಕು ಹಿಡಿದಿದೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇಂಟರ್ನೆಟ್ ಬಂದ ಮೇಲೆ ಬೀಗ ಕಂಪನಿಯ ಸರ್ವರ್‌ಗೇ ಹೋಯಿತು. 2008ರಲ್ಲಿ ಬಂದ 'ಸ್ಪೋರ್' ಎಂಬ ಆಟವನ್ನು ಕೊಂಡವರು ಮೂರೇ ಸಲ ಸಕ್ರಿಯಗೊಳಿಸಬಹುದಿತ್ತು. ಕಂಪ್ಯೂಟರ್ ಬದಲಿಸಿದರೆ ಅದೂ ಲೆಕ್ಕಕ್ಕೆ. ಸಿಟ್ಟಾದ ಜನ ಅಮೆಜಾನ್‌ನಲ್ಲಿ ಸಾಲುಸಾಲಾಗಿ ಒಂದೊಂದೇ ನಕ್ಷತ್ರ ಕೊಟ್ಟು ಪ್ರತಿಭಟಿಸಿದರು. ಕಂಪನಿ ಮಿತಿಯನ್ನು ಐದಕ್ಕೆ ಏರಿಸಿತು. ಇಷ್ಟೆಲ್ಲ ಬೀಗ ಹಾಕಿದರೂ ಆ ವರ್ಷ ಅತಿ ಹೆಚ್ಚು ಕದ್ದು ಹಂಚಿಕೊಂಡ ಆಟಗಳಲ್ಲಿ ಸ್ಪೋರ್‌ ಹೆಸರೇ ಮುಂದಿತ್ತು!

2010ರಲ್ಲಿ ಯೂಬಿಸಾಫ್ಟ್ ಕಂಪನಿ 'ಅಸ್ಯಾಸಿನ್ಸ್ ಕ್ರೀಡ್ 2' ಆಟಕ್ಕೆ ಇನ್ನೂ ಬಿಗಿ ಬೀಗ ಹಾಕಿತು. ಆಡುವಷ್ಟು ಹೊತ್ತೂ ಇಂಟರ್ನೆಟ್ ಇರಬೇಕು. ಆ ಮಾರ್ಚ್‌ನಲ್ಲಿ ಅದರ ಸರ್ವರ್‌ಗಳ ಮೇಲೆ ದಾಳಿಯಾಗಿ, ದುಡ್ಡು ಕೊಟ್ಟವರೇ ಆಟದಿಂದ ಹೊರಗುಳಿದರು. 2013ರ ಮಾರ್ಚ್‌ನಲ್ಲಿ 'ಸಿಮ್‌ಸಿಟಿ' ಬಂದಾಗಲೂ ಇದೇ ಕಥೆ. ಒಬ್ಬರೇ ಕೂತು ಊರು ಕಟ್ಟಬಹುದಾದ ಆಟಕ್ಕೂ ಸರ್ವರ್ ಬೇಕು ಅಂದರು. ಬಿಡುಗಡೆಯ ದಿನಗಳಲ್ಲಿ ಸರ್ವರ್‌ಗಳು ಕುಸಿದು ಜನ ಸರದಿಯಲ್ಲಿ ಕಾದರು. ಒಂದು ವರ್ಷದ ಮೇಲೆ ಅದೇ ಆಟ ಇಂಟರ್ನೆಟ್ ಇಲ್ಲದೆಯೂ ಓಡುವಂತಾಯಿತು. ಬೇಡ ಅಂತಿದ್ದರೆ ಮೊದಲೇ ಬಿಡಬಹುದಿತ್ತಲ್ಲ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಈಗ ಹೆಚ್ಚು ಬೈಸಿಕೊಳ್ಳುವುದು 'ಡೆನುವೊ' ಎಂಬ ಬೀಗ. 2014ರಿಂದ ದೊಡ್ಡ ದೊಡ್ಡ ಆಟಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಇದರಿಂದ ಆಟ ತೊದಲುತ್ತದೆ, ಕಂಪ್ಯೂಟರ್ ಬಸವಳಿಯುತ್ತದೆ ಅನ್ನುವುದು ಆಡುವವರ ದೂರು. ಎಲ್ಲ ಆಟದಲ್ಲೂ ಹಾಗಾಗುತ್ತದೆ ಅನ್ನಲಾಗದು. ಆದರೆ 2021ರಲ್ಲಿ 'ರೆಸಿಡೆಂಟ್ ಈವಿಲ್ ವಿಲೇಜ್' ಆಟದ ಬೀಗ ಒಡೆದ ಪ್ರತಿಯೇ ಅಸಲಿಗಿಂತ ನಯವಾಗಿ ಓಡುತ್ತದೆ ಅನ್ನುವುದು ಬಯಲಾಯಿತು. ತಯಾರಕರು ಆಮೇಲೆ ತೇಪೆ ಹಾಕಿ ಸರಿಪಡಿಸಿದರು.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ. ಕದಿಯುವವನ ಪ್ರತಿಯಲ್ಲಿ ಬೀಗವೇ ಇರುವುದಿಲ್ಲ. ಬರೆ ಬೀಳುವುದು ಕೊಂಡವರ ಬೆನ್ನಿಗೆ. ನನ್ನ ಮಗ ಕೇಳಿದ್ದೂ ಇದನ್ನೇ.

ಒಂದು ಮನೆಗೆ ಏಳು ಬಾಗಿಲು

ಇನ್ನು ಲಾಂಚರ್‌ಗಳ ಕಥೆ. ಲಾಂಚರ್ ಅಂದರೆ ಗೇಮ್ ಕೊಳ್ಳುವ, ಇಳಿಸಿಕೊಳ್ಳುವ, ತೆರೆಯುವ ಆ್ಯಪ್. 2003ರಲ್ಲಿ ವಾಲ್ವ್ ಕಂಪನಿ 'ಸ್ಟೀಮ್' ತಂದಿತು. ಮರುವರ್ಷ 'ಹಾಫ್ ಲೈಫ್ 2' ಬಂದಾಗ, ಅಂಗಡಿಯಿಂದ ಡಬ್ಬಿ ಕೊಂಡು ತಂದವರೂ ಸ್ಟೀಮ್ ಹಾಕಿಕೊಳ್ಳಲೇಬೇಕಾಯಿತು. ಆಗ ಬೈದವರೇ ಈಗ ಅದನ್ನು ಮೆಚ್ಚುತ್ತಾರೆ. 2015ರಿಂದ ಅಲ್ಲಿ ರೂಪಾಯಿಯಲ್ಲೇ ಬೆಲೆ ಬಂದಿದ್ದು ನಮ್ಮ ಹುಡುಗರಿಗೆ ದೊಡ್ಡ ಅನುಕೂಲ. ಅಸಲಿ ಗೇಮ್ ಕೊಳ್ಳುವ ಅಭ್ಯಾಸ ನನ್ನ ಮಗನಿಗೆ ಹತ್ತಿದ್ದೂ ಅದರ ರಿಯಾಯಿತಿ ಮಾರಾಟಗಳಿಂದ.

ಆದರೆ ಇಂಥ ಅಂಗಡಿ ಪ್ರತಿ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 30 ಪಾಲು ಇಟ್ಟುಕೊಳ್ಳುತ್ತದೆ. ಅಷ್ಟನ್ನು ಯಾಕೆ ಕೊಡಬೇಕು ಅಂತ ದೊಡ್ಡ ಕಂಪನಿಗಳು ತಮ್ಮದೇ ಅಂಗಡಿ ತೆರೆದವು. ಇಎ ಕಂಪನಿಯದು 2011ರಲ್ಲಿ 'ಒರಿಜಿನ್', ಯೂಬಿಸಾಫ್ಟ್‌ನದು ಬೇರೆ, ರಾಕ್‌ಸ್ಟಾರ್‌ನದು 2019ರಲ್ಲಿ ಮತ್ತೊಂದು. 2018ರ ಡಿಸೆಂಬರ್‌ನಲ್ಲಿ ಬಂದ 'ಎಪಿಕ್ ಗೇಮ್ಸ್ ಸ್ಟೋರ್' ತನ್ನ ಪಾಲು ಶೇ 12 ಮಾತ್ರ ಅಂದಿತು. ಕೆಲವು ಆಟಗಳು ಒಂದು ವರ್ಷ ತನ್ನಲ್ಲಿ ಮಾತ್ರ ಸಿಗುವಂತೆ ಒಪ್ಪಂದವನ್ನೂ ಮಾಡಿಕೊಂಡಿತು. ಪೈಪೋಟಿ ಒಳ್ಳೆಯದೇ. ಹತ್ತು ಅಂಗಡಿ ಇದ್ದರೆ ಗಿರಾಕಿಗೆ ಲಾಭ. ಇಲ್ಲಿ ತೊಂದರೆ ಏನೆಂದರೆ, ಪ್ರತಿ ಅಂಗಡಿಯವನೂ ನಮ್ಮ ಮನೆಯೊಳಗೇ ಬಂದು ಕೂರುತ್ತಾನೆ. ಕಂಪ್ಯೂಟರ್ ಶುರುವಾದರೆ ಎಲ್ಲವೂ ಒಟ್ಟಿಗೆ ಏಳುತ್ತವೆ, ಮೆಮೊರಿ ತಿನ್ನುತ್ತವೆ, ಅಪ್‌ಡೇಟ್ ಕೇಳುತ್ತವೆ. ಒಂದೊಂದಕ್ಕೂ ಒಂದೊಂದು ಖಾತೆ, ಪಾಸ್‌ವರ್ಡ್, ಒಟಿಪಿ. ಮಗನ ಲ್ಯಾಪ್‌ಟಾಪಿನಲ್ಲಿ ನಾನೇ ಎಣಿಸಿದೆ, ಐದು ಇದ್ದವು.

ಎಲ್ಲಕ್ಕಿಂತ ಕಿರಿಕಿರಿ ಲಾಂಚರ್‌ನೊಳಗಿನ ಲಾಂಚರ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಒಂದು ಅಂಗಡಿ ಬಾಗಿಲು ತೆರೆದರೂ ಇನ್ನೊಂದು ಅಡ್ಡ ನಿಲ್ಲುತ್ತದೆ. 2024ರ ಮೇ ತಿಂಗಳಲ್ಲಿ 'ಹೆಲ್‌ಡೈವರ್ಸ್ 2' ಆಡುವವರೆಲ್ಲ ಸೋನಿಯ ಇನ್ನೊಂದು ಖಾತೆಯನ್ನೂ ಜೋಡಿಸಲೇಬೇಕು ಅಂದಾಗ ದೊಡ್ಡ ಗಲಾಟೆಯಾಯಿತು. ಆ ಖಾತೆಯೇ ಸಿಗದ ದೇಶಗಳಲ್ಲೂ ಆಟ ಮಾರಾಟವಾಗಿತ್ತು! ಕೆಲವೇ ದಿನಗಳಲ್ಲಿ ಸೋನಿ ಆದೇಶ ಹಿಂತೆಗೆದುಕೊಂಡಿತು. ಗಿರಾಕಿಗಳು ಒಗ್ಗಟ್ಟಾಗಿ ಬೇಡ ಅಂದರೆ ಕೇಳುತ್ತಾರೆ ಅನ್ನುವುದಕ್ಕೆ ಇದೊಂದು ಸಾಕ್ಷಿ.

ಕೆಲವು ಅಂಗಡಿಗಳು ಬಾಗಿಲನ್ನೂ ಹಾಕಿವೆ. ಬೆಥೆಸ್ಡಾ ಕಂಪನಿಯ ಲಾಂಚರ್ 2022ರಲ್ಲಿ ನಿಂತಿತು, ಒರಿಜಿನ್ 2025ರಲ್ಲಿ. ಇವೆರಡರಲ್ಲಿ ಕೊಂಡಿದ್ದನ್ನು ಬೇರೆಡೆಗೆ ಸಾಗಿಸಿಕೊಳ್ಳಲು ದಾರಿ ಮಾಡಿಕೊಟ್ಟರು. ಎಲ್ಲ ಸಲವೂ ಹಾಗೇ ಆಗುತ್ತದೆ ಅನ್ನುವ ಖಾತ್ರಿ ಏನು?

ಕೊಂಡಿದ್ದೋ, ಬಾಡಿಗೆಗೆ ಪಡೆದಿದ್ದೋ?

ಗ್ರಂಥಪಾಲಕಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು ಇದು. ನಾನು ಕೊಂಡ ಪುಸ್ತಕ ನನ್ನದು. ಓದಬಹುದು, ಎರವಲು ಕೊಡಬಹುದು, ಮಾರಬಹುದು, ಮಗನಿಗೆ ಬಿಟ್ಟುಹೋಗಬಹುದು. ಈ ಗೇಮ್‌ಗಳು ಹಾಗಲ್ಲ. ದುಡ್ಡು ಕೊಟ್ಟು ಪಡೆಯುವುದು ಪರವಾನಗಿ ಮಾತ್ರ. ಸ್ಟೀಮ್ ಖಾತೆಯನ್ನು ಇನ್ನೊಬ್ಬರ ಹೆಸರಿಗೆ ಮಾಡಲು ಅದರ ನಿಯಮ ಬಿಡುವುದಿಲ್ಲ. ಉಯಿಲು ಬರೆದರೂ ನಡೆಯದು.

2009ರಲ್ಲಿ ಅಮೆಜಾನ್ ಕಂಪನಿ, ಹಕ್ಕಿನ ತಕರಾರು ಬಂತೆಂದು, ಜನ ಕೊಂಡಿದ್ದ ಎರಡು ಇ-ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತ್ತು. ದುಡ್ಡು ವಾಪಸ್ ಕೊಟ್ಟು, ಆಮೇಲೆ ಕ್ಷಮೆಯನ್ನೂ ಕೇಳಿತು. ಅವುಗಳಲ್ಲಿ ಒಂದು ಜಾರ್ಜ್ ಆರ್ವೆಲ್‌ನ '1984'. ಪ್ರಜೆಗಳ ಮೇಲೆ ಸದಾ ಕಣ್ಣಿಡುವ ಸರ್ಕಾರದ ಕಥೆ! ಬೀರುವಿನಲ್ಲಿಟ್ಟ ಪುಸ್ತಕವನ್ನು ಪ್ರಕಾಶಕ ರಾತ್ರೋರಾತ್ರಿ ಬಂದು ಒಯ್ದರೆ ನಾವು ಸುಮ್ಮನಿರುತ್ತೇವಾ?

ಗೇಮ್ ಲೋಕದಲ್ಲಿ ಅಂಥದ್ದು ನಡೆದಿದ್ದು 2024ರ ಮಾರ್ಚ್ 31ರಂದು. ಯೂಬಿಸಾಫ್ಟ್ 2014ರಲ್ಲಿ ಮಾರಿದ್ದ 'ದಿ ಕ್ರೂ' ಎಂಬ ಕಾರ್ ರೇಸ್ ಆಟದ ಸರ್ವರ್‌ಗಳನ್ನು ಆ ದಿನ ನಿಲ್ಲಿಸಿತು. ಒಬ್ಬರೇ ಆಡುವ ಭಾಗವೂ ಸೇರಿ ಇಡೀ ಆಟ ಮುಚ್ಚಿತು. ಇದರಿಂದ ಹುಟ್ಟಿದ್ದು ರಾಸ್ ಸ್ಕಾಟ್ ಎಂಬುವರು ಶುರುಮಾಡಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ. ಸರ್ವರ್ ನಿಲ್ಲಿಸುವುದಾದರೆ ನಿಲ್ಲಿಸಿ, ಆದರೆ ಕೊಂಡವರು ಆಡಿಕೊಳ್ಳಲು ಒಂದು ದಾರಿ ಬಿಟ್ಟುಹೋಗಿ ಅನ್ನುವುದು ಅವರ ಬೇಡಿಕೆ. ಯುರೋಪ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕರ ಮನವಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಡಿಜಿಟಲ್ ಸರಕು ಮಾರುವಾಗ ಇದು ಬರೀ ಪರವಾನಗಿ ಅಂತ ಸ್ಪಷ್ಟವಾಗಿ ಹೇಳಬೇಕು ಅನ್ನುವ ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂತು.

ಮಗನಿಗೆ ನಾನು ಹೇಳಿದ್ದು

ಇಷ್ಟೆಲ್ಲ ಓದಿದ ಮೇಲೂ 'ಹೋಗ್ಲಿ ಬಿಡು, ನೀನೂ ಕ್ರ್ಯಾಕ್ ಹಾಕ್ಕೋ' ಅನ್ನಲು ನನಗೆ ಬಾಯಿ ಬರಲಿಲ್ಲ. ಬೆಂಗಳೂರಿನ 'ಧ್ರುವ ಇಂಟರಾಕ್ಟಿವ್' 1997ರಲ್ಲೇ ಗೇಮ್ ಕೆಲಸ ಶುರುಮಾಡಿದ ಕಂಪನಿ. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಅಂದರೆ ಹೊರದೇಶದ್ದು ಅಂದುಕೊಳ್ಳುವ ಆಟಗಳ ಚಿತ್ರ ಬರೆಯುವವರು, ಕೋಡ್ ಬರೆಯುವವರು ನಮ್ಮ ಪಕ್ಕದ ಮನೆಯ ಮಕ್ಕಳೇ ಆಗಿರಬಹುದು. ಅವರ ದುಡಿಮೆಗೆ ಬೆಲೆ ಬೇಡವೇ? ಕಾನೂನಿನ ಮಾತೂ ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು, ದಂಡ. ಅದೂ ಅಲ್ಲದೆ, ಎಲ್ಲಿಂದಲೋ ಬಂದ ಪೆನ್‌ಡ್ರೈವ್ ಫೈಲಿನಲ್ಲಿ ವೈರಸ್ ಇಲ್ಲ ಅಂತ ಹೇಳುವವರು ಯಾರು?

ಹಾಗಂತ ಕಂಪನಿಯದೇ ಸರಿ ಅಂತಲೂ ಹೇಳಲಿಲ್ಲ. 'ನೀನು ಮಾಡಿದ್ದು ಸರಿ ಪುಟ್ಟ. ಅವರು ಮಾಡಿದ್ದು ಸರಿಯಲ್ಲ. ಮುಂದಿನ ಸಲ ದುಡ್ಡನ್ನು ನಂಬಿಕೆ ಇಟ್ಟವರಿಗೆ ಕೊಡೋಣ' ಅಂದೆ. ಅಂಥವರೂ ಇದ್ದಾರೆ. ಪೋಲೆಂಡ್‌ನ ಸಿಡಿ ಪ್ರೊಜೆಕ್ಟ್ ಕಂಪನಿ 2008ರಲ್ಲಿ ಶುರುಮಾಡಿದ 'ಜಿಒಜಿ' ಅಂಗಡಿಯಲ್ಲಿ ಡಿಆರ್‌ಎಂ ಇಲ್ಲದ ಆಟಗಳೇ ಸಿಗುತ್ತವೆ. ಇನ್‌ಸ್ಟಾಲರ್ ಇಳಿಸಿ ನಮ್ಮಲ್ಲೇ ಇಟ್ಟುಕೊಳ್ಳಬಹುದು. ಹೊಸ ದೊಡ್ಡ ಆಟಗಳೆಲ್ಲ ಅಲ್ಲಿ ಸಿಗುವುದಿಲ್ಲ. ಆದರೆ ಸಿಕ್ಕಿದ್ದು ನಮ್ಮ ಕೈಯಲ್ಲೇ ಇರುತ್ತದೆ.

ನಮ್ಮಂತೆ ಪೇಚಿಗೆ ಸಿಗಬಾರದು ಅನ್ನುವ ಹೆತ್ತವರಿಗೆ, ಮಕ್ಕಳಿಗೆ ಕೆಲವು ಕಿವಿಮಾತು:

* ಕೊಳ್ಳುವ ಮೊದಲು ಗೇಮ್‌ನ ಪುಟವನ್ನು ಪೂರ್ತಿ ಓದಿ. ಬೇರೆ ಕಂಪನಿಯ ಖಾತೆ ಬೇಕೆ, ಡೆನುವೊ ಇದೆಯೇ ಅನ್ನುವುದನ್ನು ಸ್ಟೀಮ್‌ನಲ್ಲಿ ಬದಿಯಲ್ಲಿ ಸಣ್ಣ ಚೌಕದಲ್ಲಿ ಹಾಕಿರುತ್ತಾರೆ.

* ಕೊಂಡ ತಕ್ಷಣ ಆಡಿ ನೋಡಿ. ಸ್ಟೀಮ್‌ನಲ್ಲಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಾವು ಪರೀಕ್ಷೆ ಮುಗಿಯಲಿ ಅಂತ ಕಾದು ಅವಧಿ ಕಳೆದುಕೊಂಡೆವು.

* ಊರಿಗೆ ಹೊರಡುವ ಹಿಂದಿನ ದಿನ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿ, ಆಫ್‌ಲೈನ್ ಮೋಡ್‌ಗೆ ಹಾಕಿ, ವೈಫೈ ಆರಿಸಿ ಆಟ ತೆರೆಯುತ್ತದೆಯೇ ನೋಡಿ.

* ಎಲ್ಲ ಖಾತೆಗೂ ಒಂದೇ ಇಮೇಲ್ ಇರಲಿ, ಪಾಸ್‌ವರ್ಡ್ ಬೇರೆ ಬೇರೆ ಇರಲಿ. ಒಟಿಪಿ ಬರುವ ಫೋನ್ ಜೊತೆಗಿರಲಿ.

* ಕಂಪ್ಯೂಟರ್ ಶುರುವಾದಾಗ ತಾವಾಗಿಯೇ ಏಳುವ ಲಾಂಚರ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ.

ದಸರಾ ರಜೆಗೆ ಮತ್ತೆ ಊರಿಗೆ ಹೋದೆವು. ಈ ಸಲ ಬೀಗವಿಲ್ಲದ ಒಂದು ಹಳೇ ಆಟ, ಮೂರು ಹೊತ್ತಿನ ಊಟದ ದುಡ್ಡಿಗೆ ಕೊಂಡಿದ್ದು, ಪೆನ್‌ಡ್ರೈವ್‌ನಲ್ಲಿತ್ತು. ಲ್ಯಾಪ್‌ಟಾಪ್ ತೆರೆದ, ಆಟ ಶುರುವಾಯಿತು, ಅಷ್ಟೇ. ಅಣ್ಣನ ಮಗನೂ ಬಂದು ಪಕ್ಕದಲ್ಲಿ ಕೂತ. 'ನೀನು ಕೊಂಡಿದ್ದಾ ಇದು? ಎಷ್ಟು?' ಅಂತ ಕೇಳಿದ. ಬೆಲೆ ಕೇಳಿ, 'ಅಷ್ಟೇಯಾ?' ಅಂದ. ಆಮೇಲೆ ಅವನೂ ಒಂದು ಖಾತೆ ಮಾಡಿಕೊಳ್ಳಲು ಮೊಬೈಲ್ ಹಿಡಿದು ಪೇರಲೆ ಮರದ ಕಡೆ ಹೋದ.

ಜಗಲಿಯಿಂದ ಅಮ್ಮ ಕೇಳಿದಳು: 'ಈ ಸಲ ಕೀಲಿಕೈ ತಂದಿದೀಯೇನಾ?'

'ತಂದಿದೀನಿ ಅಜ್ಜಿ' ಅಂದ ಮಗ, ತಲೆ ಎತ್ತದೆ.

ಮೊದಲು ಕೊಂಡ 2,500 ರೂಪಾಯಿಯ ಆಟ ಮಾತ್ರ ಈಗಲೂ ಒಮ್ಮೊಮ್ಮೆ ಲಾಗಿನ್ ಕೇಳುತ್ತಲೇ ಇದೆ. ಆ ಕಂಪನಿಗೆ ನಾವು ಬರೆದ ಎರಡು ಇಮೇಲ್‌ಗಳಿಗೂ ಯಂತ್ರದ ಉತ್ತರವೇ ಬಂತು. ಮೂರನೆಯದನ್ನು ಮಗ ತಾನೇ ಬರೆಯುತ್ತೇನೆ ಅಂದಿದ್ದಾನೆ.

ನಿಮ್ಮ ಮನೆಯ ಮಕ್ಕಳೂ ಹೀಗೆ ದುಡ್ಡು ಕೊಟ್ಟು ಬಾಗಿಲ ಹೊರಗೆ ನಿಂತಿದ್ದುಂಟೇ? ನೀವೇನು ಮಾಡಿದಿರಿ? ಬರೆದು ತಿಳಿಸಿ.